ಏಳು ಕಡಲು

ಕುಂಬಳೆ ಗೇಟಿನ ಬಳಿ, ಅಂದುಂಞಿಯ ರೇಡಿಯೋ ರಿಪೇರಿ ಅಂಗಡಿ.
ಕ್ಯಾಸೆಟ್ಟಿಗೆ ಪೆನ್ಸಿಲು ತೂರಿಸಿ ಮತ್ತೆ ಹಿಂದಕ್ಕೆ.
ಆ ಜಾಗದಲ್ಲೇ ಟೇಪು ಸವೆದಿದೆ:
ಎರಡನೇ ಚರಣ, ಸ್ವರ ಮೇಲೇರುವಲ್ಲಿ
ಹಾಡಿದ್ದು ಯಾರು?

ಸಂಕಪ್ಪನೇ, ರಟ್ಟಿನ ಮೇಲೆ ಹೆಸರುಂಟಲ್ಲ,
ಬಟ್ಯಣ್ಣನ ವಾದ.
ಹೆಸರು ಹಾಕಿದ್ದು ಪ್ರೆಸ್ಸಿನವ, ನಾನೆಂದೆ,
‘ಏಳು ಕಡಲು’ ಅನ್ನುವಾಗ ನಾಲಗೆ ಸುರುಟುತ್ತದೆ, ಕೇಳಿ.
ಏೞು!
ಡ್ರಮ್ಮಿನ ಕುಂಞಂಬುವೇ ಅದು,
ಮಲಯಾಳದ ಬಾಯಿ.

ಬ್ಯಾಟರಿಗೆ ಬಂದ ಕನ್ನಡ ಮಾಸ್ಟ್ರು ಕೆಮ್ಮಿದರು:
ಆ ೞ ನಮ್ಮಲ್ಲೂ ಇತ್ತು ಮಾರಾಯ್ರೆ,
ಸಾವಿರ ವರ್ಷದ ಹಿಂದೆ.
ಸಂಕಪ್ಪನಿಗೆ ಅಷ್ಟು ಪ್ರಾಯ ಆಗಲಿಲ್ಲ,
ಅಂದ ಅಂದುಂಞಿ, ಕಾವಿಯಿಂದ ತಲೆಯೆತ್ತದೆ.

ಕೊನೆಗೆ ಕುಂಞಂಬುವನ್ನೇ ಕರೆಸಿದೆವು.
ತಲೆ ಓರೆ ಮಾಡಿ ಕೇಳಿದ.
ಚಹಾ ಆರಿತು.
ನನಗೆ ಆ ದಿನ ಗಂಟಲು ಕಟ್ಟಿತ್ತಲ್ಲ, ಎಂದ.
ಇನ್ನೊಮ್ಮೆ ಹಾಕು.
ಯಾರೋ, ಚಂದ ಹಾಡಿದ್ದಾನೆ.