ಹಳೆಯದು ಇಲ್ಲ

ಇಪ್ಪತ್ತಾರು ವರ್ಷದಿಂದ ಮುಹು ದ್ವೀಪದಲ್ಲಿ ಟಪಾಲು ಹಂಚುವವಳು ನಾನು.
ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ,
ಯಾರಿಗೆ ಪಿಂಚಣಿ ಒಮ್ಮೆ ಎಣಿಸಿದರೆ ಸಾಕು, ಯಾರಿಗೆ ಮೂರು ಸಲ,
ಬಲ್ಲೆ.
ಅದಕ್ಕೇ ಬೀಜಭಂಡಾರದ ಹೆಲ್ವೆ
ಹಡಗಿನಿಂದಿಳಿದು ನೆಟ್ಟಗೆ ನನ್ನ ಬಳಿಗೇ ಬಂದಳು,
ಕೈಯಲ್ಲೊಂದು ಹಳದಿಗಟ್ಟಿದ ಚಿತ್ರ.

ಇಬ್ಬಣ್ಣದ ಹೂವು. ಹೊರಗೆ ತಿಳಿನೇರಳೆ,
ಒಳಗೆ ಮಾಯುತ್ತಿರುವ ಗಾಯದ ಕೆಂಪು.
ಎಂಬತ್ತು ವರ್ಷದ ಹಿಂದೆ ಯಾರೋ ಶಾಲೆಯ ಮೇಷ್ಟ್ರು
ಬಣ್ಣ ತುಂಬಿ ಕಳಿಸಿದ್ದಂತೆ, ಕೆಳಗೊಂದು ಸಾಲು:
"ನಮ್ಮ ದ್ವೀಪದ ಬಟಾಣಿ. ಕಾಳು ಆಮೇಲೆ ಕಳಿಸುತ್ತೇನೆ."
ಕಳಿಸಲಿಲ್ಲ. ಅಷ್ಟರಲ್ಲಿ ಯುದ್ಧ.

ಕೇಳಿದರಾಯಿತು ಬಿಡು, ಅಂದೆ.
ಅಂದಿನಿಂದ ಕಾಗದ ಕೊಟ್ಟು, ಸಹಿ ಹಾಕಿಸಿಕೊಂಡು,
ಬಾಗಿಲು ಮುಚ್ಚುವ ಮುನ್ನ ಒಂದು ಪ್ರಶ್ನೆ:
"ನಿಮ್ಮಲ್ಲಿ ಹಳೆಯ ಬಟಾಣಿ ಇದೆಯೇ?"

ಎಂಡೆಲ್ ಕೊಟ್ಟದ್ದು ಅಂಗಡಿಯದು.
ಬೆಲೆಚೀಟಿ ಕಿತ್ತಿದ್ದ, ಅಂಟು ಉಳಿದಿತ್ತು.
ಪಾದ್ರಿಯ ಅಟ್ಟದಲ್ಲಿ ನನಗಿಂತ ಮೊದಲೇ
ಇಲಿಗಳು ಹುಡುಕಿ ಮುಗಿಸಿದ್ದವು.
ಒಬ್ಬನಂತೂ ಸೌನಾದ ಹೊಗೆಯೊಳಗಿಂದಲೇ ಕೂಗಿದ:
"ಇದ್ದಿದ್ದರೆ ಬೇಯಿಸಿ ತಿಂದಿರುತ್ತಿದ್ದೆ ಕಣೇ,
ಬಾಗಿಲು ಹಾಕು, ಚಳಿ!"
ಮೀಲಿ ಒಂದು ಜಾಡಿ ತಂದಳು, ಸೆರಗಲ್ಲಿ ಒರೆಸಿ.
ಕಡುಬಿನ ಹಿಟ್ಟು ಉಬ್ಬದಿರಲೆಂದು
ನಲವತ್ತು ವರ್ಷ ಒಲೆಯೊಳಗೆ ಹೇರಿಟ್ಟ ಕಾಳು,
ಬೆಂದು ಬೆಂದು ಗುಂಡುಕಲ್ಲು.
"ನಮ್ಮತ್ತೆಯದು" ಎಂದಳು, ಮುಖವರಳಿ.
ಇವು ಸತ್ತಿವೆ ಎನ್ನಲು ಬಾಯಿ ಬರಲಿಲ್ಲ.
ಜಾಡಿ ಈಗಲೂ ನನ್ನ ಗಾಡಿಯಲ್ಲಿದೆ.

ಇನ್ನು ಅರ್ಮಿಲ್ಡೆ.
ಮೂರು ವರ್ಷ, ಮೂರು ಸಲ ಕೇಳಿದೆ.
ಮೂರು ಸಲವೂ ಅದೇ ಮಾತು:
"ಹಳೆಯದು ಇಲ್ಲ."

ಈ ಮಾರ್ಚಿನಲ್ಲಿ ಔಷಧಿಯ ಪೊಟ್ಟಣ ಕೊಡಲು ಹೋದರೆ
ಅವಳ ಮೊಮ್ಮಗಳ ಕೂಸು ನೆಲದ ಮೇಲೆ ಕೂತು
ಏನನ್ನೋ ಅಲ್ಲಾಡಿಸುತ್ತಿತ್ತು.
ಗಿಲಿಗಿಲಿ, ಆಮೇಲೆ ಬಾಯಿಗೆ, ಮತ್ತೆ ಗಿಲಿಗಿಲಿ.

"ಏನದು?"
"ಬಾತಿನ ಗಂಟಲು. ಒಣಗಿಸಿ ಬಳೆಯಂತೆ ಬಗ್ಗಿಸಿದ್ದು.
ನಮ್ಮಪ್ಪನೂ ಇದನ್ನು ಕಚ್ಚಿದ್ದಾನೆ."
"ಒಳಗೆ?"
"ಬಟಾಣಿ. ಇನ್ನೇನು ಮುತ್ತು ಇರುತ್ತಾ?"
ಎದೆ ಧಸಕ್ಕೆಂದಿತು. "ಹಾಗಾದರೆ ಹಳೆಯದು!"

ಅರ್ಮಿಲ್ಡೆ ಸಿಡುಕಿದಳು.
"ಎಲ್ಲಿಯ ಹಳೆಯದು? ಹಳೇ ಕಾಳಿಗೆ ಹುಳ ಬೀಳುತ್ತೆ,
ಮಗು ಬಾಯಿಗೆ ಹಾಕುತ್ತೆ.
ವರ್ಷ ವರ್ಷ ಬಿಚ್ಚಿ ಹೊಸದು ತುಂಬುತ್ತೇನೆ.
ಇವು ಹೋದ ಸೆಪ್ಟೆಂಬರಿನವು.
ನೀನು ಹಳೆಯದು ಕೇಳಿದೆ, ಇಲ್ಲ ಅಂದೆ.
ಸುಳ್ಳು ಹೇಳಿದೆನೇ?"

ಸೌನಾದ ಹಿಂದೆ ಕರೆದೊಯ್ದಳು.
ಕಲ್ಲುಗೋಡೆಗೆ ಒರಗಿಸಿದ ಜೂನಿಪರ್ ಕೋಲುಗಳು,
ಹದಿನಾರು ಹೆಜ್ಜೆಯ ಒಂದೇ ಸಾಲು, ಇನ್ನೂ ಹಿಮದಡಿ.
ಪ್ರತಿ ಜುಲೈಯಲ್ಲೂ ಇಲ್ಲಿ ಹೂ ಬಿಟ್ಟಿರಬೇಕು.
ಬೇಸಿಗೆಯಲ್ಲಿ ನನಗೆ ಪ್ರವಾಸಿಗರ ಕಾಗದಗಳ ಅವಸರ,
ಅವಳದನ್ನು ರಸ್ತೆಬದಿಯ ಡಬ್ಬದಲ್ಲಿ ಹಾಕಿ ಹೋಗುತ್ತಿದ್ದೆ.

"ಹೂವಿನ ಬಣ್ಣ ಯಾವುದು?"
"ಬಟಾಣಿ ಹೂವಿನ ಬಣ್ಣ."

ಒಂದು ಸೀಸೆ ತುಂಬ ಕೊಟ್ಟಳು.
ಕಂದು ಚುಕ್ಕೆಯ ಬೂದು ಕಾಳು, ಕಡಲಹಕ್ಕಿಯ ಮೊಟ್ಟೆಯ ಹಾಗೆ,
ಕಣ್ಣಿನ ಜಾಗದಲ್ಲಿ ಒಂದು ಮಸಿಬೊಟ್ಟು.
ಮಾರನೆಯ ವಾರ ಹೆಲ್ವೆಯೇ ಬಂದಳು ಫಾರಂ ಹಿಡಿದು,
"ತಳಿಯ ಹೆಸರು?"
"ಬಟಾಣಿ."
"ಅಲ್ಲ ಅಜ್ಜೀ, ಯಾವ ಬಟಾಣಿ?"
ಈ ಹುಡುಗಿಗೆ ಕಿವಿ ಮಂದವೇ ಎಂದು
ಅರ್ಮಿಲ್ಡೆ ನನ್ನನ್ನು ಕಣ್ಣಲ್ಲೇ ಕೇಳಿದಳು.

ಹಡಗುಕಟ್ಟೆಗೆ ಹೆಲ್ವೆಯನ್ನು ನಾನೇ ಬಿಟ್ಟೆ.
ಹಿಮ ಕರಗಿ ಗುಂಡಿ ಬಿದ್ದ ದಾರಿ.
ಹಿಂದಿನ ಸೀಟಿನಲ್ಲಿ ಅರ್ಮಿಲ್ಡೆಯ ಸೀಸೆ,
ಪಕ್ಕದಲ್ಲಿ ಮೀಲಿಯ ಜಾಡಿ.
ಗಾಡಿ ಕುಲುಕಿದಾಗಲೆಲ್ಲ ಕಿವಿಗೊಟ್ಟೆ.
ಎರಡರ ಸದ್ದೂ ಒಂದೇ.