ಮುಕ್ಕಾದ ಮೌನ

ಹಗಲಿಡೀ ಹಲ್ಲಿನ ಕೆಲಸ ನನ್ನದು.
ಯಾರದೋ ಬಾಯಿಗೆ ಪಿಂಗಾಣಿಯ ದವಡೆಹಲ್ಲು;
ಮುಕ್ಕಾದದ್ದನ್ನು ಮುಕ್ಕೇ ಇರಲಿಲ್ಲವೆಂಬಂತೆ ಮುಚ್ಚುವುದು.
ರಾತ್ರಿ, ಲೈಪ್‌ಸಿಗ್‌ನ ಹಳೇ ಕೇರಿಯ ಇಗರ್ಜಿಯ ಮೇಳಕ್ಕೆ
ಸ್ವರದ ಹಾಳೆ ಸಿದ್ಧಮಾಡಿ ಕೊಡುತ್ತೇನೆ, ಪುಕ್ಕಟೆ.

ಚಿತ್ರ ಎಳೆಯುವುದಿಲ್ಲ, ಬರೆಯುತ್ತೇನೆ:
ಸಿ ಅಂದರೆ ಸಿ, ಪಕ್ಕದಲ್ಲಿ ನಾಲ್ಕು ಅಂದರೆ ಕಾಲು,
ಆರ್ ಅಂದರೆ ಸುಮ್ಮನಿರು.
ಮೀಸೆಯ ಹಾಗಿರುವ ಆವರಣವೊಂದನ್ನು ತೆರೆದು
ಮುಚ್ಚಲು ಮರೆತೆನೋ
ನಲವತ್ತು ಸಾಲು ಬೈಗುಳ ಉಗುಳುತ್ತದೆ ಯಂತ್ರ.
ಸರಿಯಿದ್ದರೆ ಮಾತೇ ಇಲ್ಲ. ಐದು ಗೆರೆಯ ಮೇಲೆ
ಸ್ವರಗಳು ಬಂದು ಕೂರುತ್ತವೆ
ಪರೀಕ್ಷೆಗೆ ಕೂತ ಹುಡುಗರ ಹಾಗೆ.

ಒಟ್ಮಾರ್ ಚೀಶೆಗೆ ತೊಂಬತ್ತೊಂದು.
ಅಚ್ಚುಮನೆಯಲ್ಲಿ ಮೂವತ್ತೆಂಟು ವರ್ಷ
ತವರದ ತಗಡಿಗೆ ಉಕ್ಕಿನ ಮೊಳೆ ಹೊಡೆದು
ಸ್ವರ ಕೂರಿಸಿದವರು, ಬಲದಿಂದ ಎಡಕ್ಕೆ,
ಎಲ್ಲ ತಿರುಗಾಮುರುಗಾ.
ನನ್ನ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ,
ಕಾಫಿ ಕುಡಿದು, ಮತ್ತೆ ನೋಡಿ, ಅಂದರು:
"ಆರೋಗ್ಯ ಜಾಸ್ತಿಯಾಯಿತು ಇದಕ್ಕೆ.
ಒಂದಕ್ಕಾದರೂ ಒಂದು ಕೆಮ್ಮು ಬಂದಿಲ್ಲ."

ಆಮೇಲೆ ಚುಟ್ಟದ ಪೆಟ್ಟಿಗೆಯಿಂದ ತೆಗೆದರು
ಕಿರುಬೆರಳುದ್ದದ ಉಕ್ಕು.
ತುದಿಯಲ್ಲಿ ವಿರಾಮ, ಒಂದೆಣಿಕೆಯ ಮೌನದ ಗುರುತು;
ಅದರ ಕೆಳಕೊಕ್ಕೆಯಲ್ಲಿ ಸಾಸಿವೆಗಿಂತ ಸಣ್ಣ ಮುಕ್ಕು.
ಅರುವತ್ತೊಂದರ ಚಳಿ, ಮರಗಟ್ಟಿದ ಬೆರಳು,
ಕೈಜಾರಿ ಕಲ್ಲುನೆಲಕ್ಕೆ.
ಹೊಸದು ಕೇಳಲಿಲ್ಲ. ಕೇಳಿದ್ದರೆ
ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು;
ಹೆಂಡತಿಗೆ ಆಗ ಏಳು ತಿಂಗಳು.
ಅಲ್ಲಿಂದ ಇಪ್ಪತ್ತಾರು ವರ್ಷ
ಅವರು ಹೊಡೆದ ಮೌನವೆಲ್ಲ ಮುಕ್ಕು.
ಯಾರೂ ಕೇಳಲಿಲ್ಲ.
ಮೌನದ ಊನ ಯಾರಿಗೆ ಕೇಳಿಸೀತು?

ಆ ರಾತ್ರಿ ಕೂತೆ.
ಯಂತ್ರ ಕೊಟ್ಟ ವಿರಾಮವನ್ನು ಕಿತ್ತುಹಾಕಿ
ನನ್ನದೇ ಒಂದನ್ನು ಅಂಕಿಗಳಲ್ಲಿ ಬರೆಯತೊಡಗಿದೆ:
ಇಲ್ಲಿಗೆ ಹೋಗು, ಇಲ್ಲಿ ಬಾಗು, ಇಲ್ಲಿ ಹೊಟ್ಟೆ ತುಂಬು,
ಇಲ್ಲಿ ತುಸುವೇ ಕಚ್ಚು, ದಾರಿ ಮುಚ್ಚು.
ಮೊದಲ ಸಲ ಆನೆಗಾತ್ರ, ಪುಟದಾಚೆಗೆ ಸೊಂಡಿಲು.
ಎರಡನೆಯ ಸಲ ತಲೆಕೆಳಗಾಗಿ ಬಾವಲಿ.
ಮೂರನೆಯ ಸಲ ಬರಲೇ ಇಲ್ಲ, ಹಾಡಿನ ನಡುವೆ ಬಿಳೀ ತೂತು.
ಅದೂ ಒಂದು ಬಗೆಯ ಮೌನವೇ ಅಂದುಕೊಂಡು ನಕ್ಕೆ.
ಬೆಳಗಿನ ಮೊದಲ ಟ್ರಾಮು ತಿರುವಿನಲ್ಲಿ ಕಿರುಗುಟ್ಟುವ ಹೊತ್ತಿಗೆ
ಕೂತಿತು.
ಇಷ್ಟು ವರ್ಷ ಮುಕ್ಕು ಮುಚ್ಚಿದ ಕೈ
ಮೊದಲ ಬಾರಿ ಒಂದು ಮುಕ್ಕು ಕಡೆದಿತ್ತು.

ಶನಿವಾರ ಒಯ್ದು ತೋರಿಸಿದೆ.
ಅಳಬಹುದೆಂದು ಕರವಸ್ತ್ರ ಇಟ್ಟುಕೊಂಡಿದ್ದೆ.
"ಇದು ಎಡಕ್ಕೆ ನೋಡುತ್ತಿದೆಯಲ್ಲ," ಅಂದರು.
ತಗಡು ತಿರುಗಾಮುರುಗಾ ಅಂದಮೇಲೆ
ಮೊಳೆಯೂ ಹಾಗೇ ಇದ್ದೀತೆಂದು
ಜಾಣೆ ನಾನು, ಅದನ್ನು ಮಗುಚಿಟ್ಟಿದ್ದೆ.
"ಮೊಳೆ ನೆಟ್ಟಗೆ. ತಗಡು ತಿರುವು. ಕಾಗದ ಮತ್ತೆ ನೆಟ್ಟಗೆ.
ಅಷ್ಟೂ ಗೊತ್ತಿಲ್ಲದೆ ಹಲ್ಲು ಹೇಗೆ ಕಟ್ಟುತ್ತೀಯೆ?"

ಮನೆಗೆ ಬಂದು ಒಂದು ಋಣ ಚಿಹ್ನೆ ಅಳಿಸಿದೆ.
ಚಿಹ್ನೆಯ ಮಾತು ಹೇಳಿದೆ ಅಷ್ಟೆ,
ಋಣ ಹಾಗೆಲ್ಲ ಅಳಿಯುವುದಿಲ್ಲ.

ಈಸ್ಟರಿಗೆ ಹಾಡಿದರು, ಇಪ್ಪತ್ತೆರಡು ಮಂದಿ.
ಎರಡನೆಯ ಪುಟದ ಕೊನೆಗೆ ಒಟ್ಟಿಗೇ ನಿಂತರು,
ಒಂದೆಣಿಕೆ.
ಯಾರೋ ಕೆಮ್ಮಿದರು.
ಹಿಂದಿನ ಬೆಂಚಿನಲ್ಲಿ ಚೀಶೆ,
ಅರ್ಧ ಕಿವಿ ಸುತ್ತಿಗೆಗೇ ಹೋದ ಮನುಷ್ಯ,
ಹಾಡಿನತ್ತ ಗಮನವಿಲ್ಲದೆ
ಭೂತಗನ್ನಡಿಯಲ್ಲಿ ಹಾಳೆ ತಡಕುತ್ತಿದ್ದರು.

ಕಡತದಲ್ಲಿ ಆ ಸಾಲಿನ ಪಕ್ಕ
ಶೇಕಡಾ ಗುರುತೊಂದನ್ನು ಹಾಕಿದ್ದೇನೆ.
ಅದರಿಂದಾಚೆಗಿನದನ್ನು ಯಂತ್ರ ಓದುವುದಿಲ್ಲ.
ಅಲ್ಲಿ ಬರೆದೆ:
ಚೀಶೆ, ಅರುವತ್ತೊಂದು, ಚಳಿಗಾಲ.
ದುರಸ್ತಿ ಮಾಡಬೇಡಿ.