ಒಂದೆರಡು ಕಡೆ

ಫೋನಿಗೆ ಬಂದಿದೆ: ದಕ್ಷಿಣ ಒಳನಾಡು.
ಮುಂದಿನ ಐದು ದಿನ, ಸಂಜೆ ಅಥವಾ ರಾತ್ರಿ,
ಒಂದೆರಡು ಕಡೆ ಗುಡುಗು ಸಹಿತ ಸಾಧಾರಣ ಮಳೆ.

ಬನ್ನೂರಿನ ಹೆಸರಿಲ್ಲ. ಎಂದೂ ಇರುವುದಿಲ್ಲ.
ಆ ಒಂದು ನಾವೋ, ಆ ಎರಡು ನಾವೋ,
ಎರಡೂ ತಪ್ಪಿ ಸೋಸಲೆಯೋ ಮಳವಳ್ಳಿಯೋ,
ಕೇಳುವುದು ಮಾತ್ರ ನನ್ನನ್ನೇ,
ದನದಾಸ್ಪತ್ರೆಯ ಅಂಗಳದ ಮಳೆಮಾಪಕಕ್ಕೆ
ಬೆಳಿಗ್ಗೆ ಎಂಟೂವರೆಗೆ ಬಗ್ಗುವವಳನ್ನು.

ನನ್ನ ಕೆಲಸ ಬಂದು ಹೋದ ಮಳೆಯದು,
ಬರುವ ಮಳೆಯದಲ್ಲ. ಹೇಳಿದರೆ ನಂಬಬೇಕಲ್ಲ.
‘ಗೌರ್ಮೆಂಟ್ನೋರು ನೀವೇ ಇಂಗಂದ್ರೆ?’
ಶಾಮಿಯಾನದ ಚಿಕ್ಕಲಿಂಗಯ್ಯನಿಗೆ ಗುರುವಾರ
ಪಕ್ಷದೂಟದ ಚಪ್ಪರ, ಮುನ್ನೂರು ಎಲೆ.
‘ನೆಂದ್ರೆ ಹಗ್ಗ ಬಿಗೀತದೆ ಮೇಡಂ, ಗೂಟ ಕಿತ್ಕೊಂಡು ಬತ್ತದೆ.
ಒಣಗಿದ್ರೆ ಸಡ್ಲ. ಎಂಗೆ ಕಟ್ಲಿ, ಅಷ್ಟು ಹೇಳಿ.’
ಅಲ್ತಾಫನ ಹಸಿ ಇಟ್ಟಿಗೆ ಎಂಟು ಸಾವಿರ,
ಸಂತೆಮಾಳದಾಚೆ ಸಾಲಾಗಿ ಬಿಸಿಲಿಗೆ ಕೂತಿವೆ.
ಮಾಯಿಗಯ್ಯನ ಗದ್ದೆಯಲ್ಲಿ ಭತ್ತದ ಹೊಡೆ ಒಡೆದಿದೆ:
ಬೆಳಿಗ್ಗೆ ಹತ್ತರಿಂದ ಹನ್ನೆರಡು ಹೂ ಬಾಯಿ ಬಿಡುವ ಹೊತ್ತು,
ಆ ಎರಡು ಗಂಟೆ ಬಿಟ್ಟು ಯಾವಾಗ ಬೇಕಾದರೂ ಬರಲಿ,
‘ಒಸಿ ಹೇಳ್ಬುಡಿ’ ಎಂದ,
ಅದು ನನ್ನ ಮಾತು ಕೇಳುವ ಹಾಗೆ.

ಅಸ್ತೆ ಮಳೆ ಹುಟ್ಟಿ ಮೂರು ದಿನ.
ಪಡುವಣ ಗಾಳಿ ಕೈಬಿಟ್ಟಿದೆ,
ಮೂಡಣದ್ದು ಇನ್ನೂ ಕೈಹಿಡಿದಿಲ್ಲ.
ರೈಸ್‌ಮಿಲ್ಲಿನ ಹೊಗೆ ಯಾವ ಕಡೆಗೂ ವಾಲದೆ
ನೆಟ್ಟಗೆ ನಿಂತು ಯೋಚಿಸುತ್ತದೆ.
ಬೆಳಿಗ್ಗೆ ನಾಲೆಯ ಮೇಲೆ ತೆಳ್ಳಗೆ ಮಂಜು,
ಮಧ್ಯಾಹ್ನ ಬೆನ್ನು ಸುಡುವ ಬಿಸಿಲು,
ಮೂರಕ್ಕೆ ಬೆಟ್ಟವಿಲ್ಲದ ನಮ್ಮೂರಿಗೆ
ಮೂಡಲಲ್ಲಿ ಬಿಳೀ ಬೆಟ್ಟಗಳು ಏಳುತ್ತವೆ,
ನಾಲ್ಕಕ್ಕೆ ಅವುಗಳ ಬುಡ ಬೂದಿಬಣ್ಣ.
ಏರೋಪ್ಲೇನ್ ಚಿಟ್ಟೆ ಮೊಣಕಾಲೆತ್ತರಕ್ಕೆ ಇಳಿದು ಹಾರಿದರೆ
ಚಿಕಿತ್ಸೆಗೆ ಬಂದ ಕುರಿಗಳೂ ಸುಮ್ಮನಾಗುತ್ತವೆ.

ನಮ್ಮತ್ತೆ ಉಪ್ಪಿನ ಜಾಡಿಗೆ ಕೈಹಾಕಿ ಹೇಳುತ್ತಾರೆ.
ಹತ್ತಕ್ಕೆ ಆರು ಸರಿ.
ಇಲಾಖೆಯದೂ ಅಷ್ಟೇ.

ಬುಧವಾರ ಸಂಜೆ
ಸಂತೆಮಾಳದಾಚೆ ತಾಳೆಸೊಪ್ಪು ಕೊಳ್ಳುತ್ತಿದ್ದೆ.
ಮೊದಲ ಹನಿ ನಾಣ್ಯದಷ್ಟು ದಪ್ಪ, ಬೆಚ್ಚಗಿತ್ತು.
ಆಮೇಲೆ ಲೆಕ್ಕವಿಲ್ಲ. ಮುಕ್ಕಾಲು ಗಂಟೆ
ಬೀಗ ಹಾಕಿದ ಅಂಗಡಿಯ ಜಗಲಿಯಲ್ಲಿ
ನಾನು, ಒಂದು ಮೇಕೆ, ಐಸ್‌ಕ್ಯಾಂಡಿ ಗಾಡಿಯ ಹುಡುಗ,
ಮೂವರೂ ಪೂರ್ತಿ ನೆನೆದೆವು.

ಮಾರನೇ ಬೆಳಿಗ್ಗೆ ಮಾಪಕದ ಮುಚ್ಚಳ ತೆಗೆದೆ.
ಬಾಟಲಿಯಲ್ಲಿ ಒಂದು ಜೇಡ, ಒಣಗಿದ ಬೇವಿನೆಲೆ.
ಅಲ್ಲಿಂದ ಇಲ್ಲಿಗೆ ಒಂದು ಕಿಲೋಮೀಟರೂ ಇಲ್ಲ.
ಸೊನ್ನೆ ಬಿಂದು ಸೊನ್ನೆ.
ಬರೆಯಲು ಬಗ್ಗಿದರೆ ಜಡೆಯಿಂದ
ಇನ್ನೂ ಆರದ ತೇವದ ವಾಸನೆ.

ಅಲ್ತಾಫ್ ಬಂದ. ಪರಿಹಾರದ ಅರ್ಜಿಗೆ
ಮಳೆಯ ಅಂಕಿ ಬೇಕಂತೆ.
‘ಎಷ್ಟು ಬರ್ದ್ರಿ?’
ಹೇಳಿದೆ.
ಜಗಳವಾಡಲಿಲ್ಲ. ಎರಡೂ ಅಂಗೈ ಬಿಡಿಸಿ ತೋರಿಸಿದ,
ಇಟ್ಟಿಗೆ ಎತ್ತಲು ಹೋಗಿ ಕೈಗೆ ಬಂದದ್ದು ಕೆಸರು,
ಉಗುರಿನ ಸಂದಿಯಲ್ಲಿ ಕೆಂಪಗೆ.

ನಲ್ಲಿ ಎರಡು ಹೆಜ್ಜೆ ದೂರ.
ಅಳತೆ ಗಾಜು ಕೈಯಲ್ಲೇ ಇತ್ತು.
ನಲವತ್ತು ಮಿಲಿಮೀಟರು ತುಂಬಲು ಎಷ್ಟು ಹೊತ್ತು?
ಕುರಿಗಳು ನೋಡುತ್ತಿದ್ದವು. ಕುರಿಗಳು ಯಾರಿಗೂ ಹೇಳುವುದಿಲ್ಲ.

ತುಂಬಲಿಲ್ಲ.
ಇಷ್ಟು ವರ್ಷ ಖಾಲಿ ಬಿಟ್ಟ ಷರಾ ಕಾಲಮ್ಮಿನಲ್ಲಿ
ಸಣ್ಣ ಅಕ್ಷರ ಕೂಡಿಸಿ ಬರೆದೆ:
ಸಂತೆಮಾಳದಾಚೆ ಮಳೆಯಾಗಿದೆ.
ನಾನೇ ನೆನೆದಿದ್ದೇನೆ.
ಕೆಳಗೆ ರುಜು, ತಾರೀಕು.
ಆ ಕಾಲಮ್ಮನ್ನು ಯಾರಾದರೂ ಓದುತ್ತಾರೋ ಗೊತ್ತಿಲ್ಲ.

ಫೋನಿಗೆ ಮತ್ತೆ ಬಂದಿದೆ ಅದೇ ಸಾಲು, ಅದೇ ಒಂದೆರಡು ಕಡೆ.
ಮನೆಗೆ ಹೋಗುವಾಗ ಕಂಡೆ:
ಚಿಕ್ಕಲಿಂಗಯ್ಯನ ಚಪ್ಪರ ಎದ್ದಿದೆ,
ಹಗ್ಗ ಒಂದು ಪಕ್ಕ ಬಿಗಿ,
ಒಂದು ಪಕ್ಕ ಸಡಿಲ.